ಖಾಲಿ ಕಾವಲು, ಖಾಲಿ ಪಥ: ಚಿಗರಿ ಬಸ್ಸಿನ ದಾರಿಯನ್ನು ಊರ ನಡುವಿಗೆ ತರುವ ಬಗ್ಗೆ ಒಂದು ಟಿಪ್ಪಣಿ

ಉತ್ತರ ಕರ್ನಾಟಕದ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತಾರೆ. ಹುಬ್ಬಳ್ಳಿ–ಧಾರವಾಡದ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸಿಗೂ ಅದೇ ಹೆಸರು. ಹೆಸರಿಟ್ಟವರ ಮನಸ್ಸಿನಲ್ಲಿ ಇದ್ದದ್ದು ಓಟದ ವೇಗ. ಆದರೆ ಚಿಗರಿ ಓಡಬೇಕಾದರೆ ಬಯಲು ಬೇಕು. ಬೇಲಿ, ಗೋಡೆ, ಗದ್ದಲದ ನಡುವೆ ಅದು ಓಡುವುದಿಲ್ಲ, ಬೆದರಿ ನಿಲ್ಲುತ್ತದೆ. ಈ ಟಿಪ್ಪಣಿಯ ಪ್ರಶ್ನೆ ಹುಟ್ಟಿದ್ದು ಇಲ್ಲಿಂದಲೇ. ಹೊಸೂರು ಕ್ರಾಸಿನ ತನಕ ತನ್ನದೇ ದಾರಿಯಲ್ಲಿ ಬರುವ ಬಸ್ಸು, ಹುಬ್ಬಳ್ಳಿಯ ನಡುವಿಗೆ ಬಂದಾಗ ಆಟೊ, ಬೈಕು, ತಳ್ಳುಗಾಡಿಗಳ ಜೊತೆ ಕೂಡಿಕೊಳ್ಳುತ್ತದೆ. ಆ ಪ್ರತ್ಯೇಕ ಪಥವನ್ನು ಊರ ನಡುವಿನ ತನಕ ಎಳೆಯಬೇಕೆ? ಎಳೆಯಬಹುದೆ? ಎಳೆದರೆ ಅದು ಉಳಿಯುತ್ತದೆಯೆ?

ಮೊದಲೆರಡು ಪ್ರಶ್ನೆಗೆ ಎಂಜಿನಿಯರುಗಳ ಬಳಿ ಉತ್ತರ ಇದೆ. ಮೂರನೆಯದಕ್ಕೆ ನಾನು ಹುಬ್ಬಳ್ಳಿಯನ್ನು ಬಿಟ್ಟು ಇನ್ನೂರು ಕಿಲೋಮೀಟರಿಗೂ ಆಚೆ, ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿಗೆ ಹೋಗಬೇಕಾಯಿತು. ಬಸ್ ಪಥಕ್ಕೂ ಹುಲ್ಲುಗಾವಲಿಗೂ ಏನು ಸಂಬಂಧ ಎಂದು ಓದುಗರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆ ಇರಲಿ.

‘ಕಾವಲು’ ಎಂಬ ಪದದಲ್ಲೇ ಸಂಬಂಧದ ಎಳೆ ಇದೆ. ಕಾಯುವುದು ಎಂಬ ಕ್ರಿಯೆಗೂ ಕಾಯ್ದಿರಿಸಿದ ನೆಲಕ್ಕೂ ಕನ್ನಡದಲ್ಲಿ ಒಂದೇ ಪದ. ಕಾಯುವವರಿಲ್ಲದೆ ಕಾವಲಿಲ್ಲ ಎಂಬುದನ್ನು ಭಾಷೆಯೇ ಒಪ್ಪಿಕೊಂಡಿದೆ. ಮೈಸೂರು ಅರಸರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯಿಂದ ಮೊದಲಾಗಿ, ಹೈದರನ ಕೈಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರು ಪಡೆದ ದನಗಳ ಇಲಾಖೆಗೆ ಸೇರಿದ್ದು ಈ ಕಾವಲುಗಳು. ಹಳೇ ಮೈಸೂರಿನ ಉದ್ದಗಲಕ್ಕೂ ಲಕ್ಷಾಂತರ ಎಕರೆ ಇದ್ದವು. ಅವು ಒಂದೇ ಬಗೆಯವಲ್ಲ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂಬ ವಿಂಗಡಣೆ ಇತ್ತು. ಮಂದೆ ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಅಂದರೆ ಮಳೆಗಾಲದ ಕಾವಲು ಬೇಸಿಗೆಯಲ್ಲಿ, ಬೇಸಿಗೆಯ ಕಾವಲು ಮಳೆಗಾಲದಲ್ಲಿ ನೋಡುವವನ ಕಣ್ಣಿಗೆ ಖಾಲಿ. ಆ ಖಾಲಿತನ ವ್ಯವಸ್ಥೆಯ ಅಂಗವೇ ಆಗಿತ್ತು. ಹುಲ್ಲು ಮತ್ತೆ ಏಳಲು ಬೇಕಾದ ಬಿಡುವು ಅದು.

ಈ ದನಗಳು ಸೈನ್ಯದ ಗಾಡಿ, ಫಿರಂಗಿ ಎಳೆಯುವವು. ಚಿದಂಬರದ ನೆರವಿಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತು ಎಂಬ ಮಾತು ಅಮೃತಮಹಲ್ ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಗಳಿಕೆ ಎತ್ತಿನ ತಳಿಗೆ ಸಲ್ಲುತ್ತದೆ. ನನಗೆ ಅದು ಅರ್ಧ ನಿಜ ಅನ್ನಿಸುತ್ತದೆ. ಎತ್ತಿನ ಕಾಲಿನಲ್ಲಿ ಎಷ್ಟು ವೇಗ ಇತ್ತೋ, ಅದರ ಹಿಂದಿದ್ದ ಕಾಯ್ದಿರಿಸಿದ ಮೇವಿನಲ್ಲೂ ಅಷ್ಟೇ ಇತ್ತು. ಬಸ್ಸಿನ ವೇಗವನ್ನು ಎಂಜಿನ್ನಿನಲ್ಲಿ ಹುಡುಕುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಉಳ್ಳಾರ್ತಿಯ ಮುಂದಿನ ಕಥೆ ತೀರ ಹಳೆಯದಲ್ಲ. 2007ರಿಂದ 2010ರ ಸುಮಾರಿಗೆ ಚಳ್ಳಕೆರೆಯ ಕಾವಲುಗಳಲ್ಲಿ ಹತ್ತು ಸಾವಿರ ಎಕರೆಯ ಆಸುಪಾಸು ನೆಲ ಕೈ ಬದಲಾಯಿಸಿತು. ವರವು ಕಾವಲು ಡಿಆರ್‌ಡಿಒಗೆ, ಖುದಾಪುರದಲ್ಲಿ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಉಳ್ಳಾರ್ತಿ ಕಾವಲಿನಲ್ಲಿ 1,800 ಎಕರೆಯಷ್ಟು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ. ಇಸ್ರೊಗೂ ಒಂದು ಪಾಲು. ಕಾಂಪೌಂಡು ಗೋಡೆ ಎದ್ದಿತು. ಕುರಿ, ದನ ಮೇಯಲು ಹೋಗುತ್ತಿದ್ದ ದಾರಿಗಳು ಗೋಡೆಗೆ ತಗುಲಿ ನಿಂತವು. ದೊಡ್ಡ ಉಳ್ಳಾರ್ತಿಯ ಜನ ಬೀದಿಗಿಳಿದರು, ಪ್ರಕರಣ ಚೆನ್ನೈನ ಹಸಿರು ನ್ಯಾಯಮಂಡಳಿಯ ತನಕ ಹೋಯಿತು, 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಆ ಸಂಸ್ಥೆಗಳು ಬೇಕಿತ್ತೆ ಬೇಡವಿತ್ತೆ ಎಂಬುದು ಈ ಟಿಪ್ಪಣಿಯ ವಿಷಯವಲ್ಲ. ನನಗೆ ಬೇಕಾದ್ದು ಆ ಹಂಚಿಕೆಯನ್ನು ಸಾಧ್ಯ ಮಾಡಿದ ಒಂದು ಪದ: ‘ಖಾಲಿ’. ಮನೆ ಇಲ್ಲ, ಉಳುಮೆ ಇಲ್ಲ, ಮರ ಅಲ್ಲೊಂದು ಇಲ್ಲೊಂದು ಜಾಲಿ. ಮಾರ್ಚಿ ತಿಂಗಳಿನಲ್ಲಿ ನಿಂತು ನೋಡಿದರೆ ಕರಡ ಹುಲ್ಲು ಒಣಗಿ ನೆಲದ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲಿ ಏನೂ ಇಲ್ಲ ಎನ್ನುವುದು ಸುಲಭ. ಕಂಬಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಆ ಉಣ್ಣೆ ಎಲ್ಲಿ ಬೆಳೆಯುತ್ತದೆ ಎಂದು ಕೇಳಿದ್ದರೆ ಉತ್ತರ ಬೇರೆಯೇ ಬರುತ್ತಿತ್ತು.

ಈಗ ಹುಬ್ಬಳ್ಳಿಗೆ. ಚಳ್ಳಕೆರೆಯಿಂದ ಚಿತ್ರದುರ್ಗ, ದಾವಣಗೆರೆ ಹಾದು ಹೋಗುವವನಿಗೆ ನಡುವೆ ರಾಣೇಬೆನ್ನೂರು ಸಿಗುತ್ತದೆ. 1974ರಲ್ಲಿ ಕೃಷ್ಣಮೃಗಕ್ಕೆಂದೇ ಅಭಯಾರಣ್ಯ ಮಾಡಿದ್ದು ಅಲ್ಲಿ. ನಿಜವಾದ ಚಿಗರಿಯ ಕಾವಲು ದಾಟಿಯೇ ಬಸ್ಸಿನ ಚಿಗರಿಯ ಊರಿಗೆ ಹೋಗಬೇಕು.

ಯೋಜನೆಯ ವಿವರ ಬಹಳ ಜನಕ್ಕೆ ಗೊತ್ತು, ಹಾಗಾಗಿ ಚುಟುಕಾಗಿ ಹೇಳುತ್ತೇನೆ. 1962ರಲ್ಲಿ ಒಂದೇ ಪಾಲಿಕೆಯಾಗಿ ಕೂಡಿದ ಎರಡು ಪಟ್ಟಣ. ನಡುವೆ ಹಳೆಯ ಪುಣೆ–ಬೆಂಗಳೂರು ರಸ್ತೆ. (2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಒಂದು ಪಥಕ್ಕೆ ಇನ್ನು ಇಬ್ಬರು ಯಜಮಾನರು.) ಬಿಆರ್‌ಟಿಎಸ್ ಕಂಪನಿ ಹುಟ್ಟಿದ್ದು 2012ರಲ್ಲಿ; ವಿಶ್ವಬ್ಯಾಂಕಿನ ನೆರವು ಬಂತು; ವೆಚ್ಚ 970 ಕೋಟಿ ರೂಪಾಯಿಯ ಹತ್ತಿರಕ್ಕೆ ಏರಿತು. 22.25 ಕಿಲೋಮೀಟರ್ ಉದ್ದ, ಮೂವತ್ತರಷ್ಟು ನಿಲ್ದಾಣ, ವಾಯವ್ಯ ಸಾರಿಗೆ ಸಂಸ್ಥೆಯವರು ಓಡಿಸುವ ನೂರರಷ್ಟು ಹವಾನಿಯಂತ್ರಿತ ವೋಲ್ವೊ ಬಸ್ಸು. 2018ರ ಅಕ್ಟೋಬರ್‌ನಲ್ಲಿ ಬಸ್ಸು ಓಡತೊಡಗಿತು. 2020ರ ಫೆಬ್ರುವರಿ 2ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ವಿಧ್ಯುಕ್ತವಾಗಿ ಉದ್ಘಾಟಿಸಿದರು.

ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ಟಿಕೆಟ್ ಮೊದಲೇ ತೆಗೆದುಕೊಂಡು, ಗೇಟಿಗೆ ತೋರಿಸಿ, ಕಟ್ಟೆಯ ಮೇಲೆ ನಿಲ್ಲಬೇಕು. ಬಸ್ಸು ಕಟ್ಟೆಗೆ ಒತ್ತಿ ಬಂದು ನಿಲ್ಲುತ್ತದೆ, ಬಲಗಡೆಯ ಅಗಲ ಬಾಗಿಲು ತೆರೆಯುತ್ತದೆ. ಕಟ್ಟೆಯ ಎತ್ತರ, ಬಸ್ಸಿನ ನೆಲದ ಎತ್ತರ ಒಂದೇ. ಮೊಣಕಾಲು ನೋವಿನ ಅಜ್ಜಿ, ಕೂಸನ್ನು ಎತ್ತಿಕೊಂಡ ತಾಯಿ ಮೆಟ್ಟಿಲಿನ ಚಿಂತೆ ಇಲ್ಲದೆ ಒಳಗೆ ಕಾಲಿಡುತ್ತಾರೆ. ಕಂಡಕ್ಟರ್ ಇಲ್ಲ, ಚಿಲ್ಲರೆ ಜಗಳ ಇಲ್ಲ. ನಿಲ್ದಾಣದ ಬಳಿ ಒಂದು ಬಸ್ಸು ನಿಂತಿದ್ದರೆ ಎಕ್ಸ್‌ಪ್ರೆಸ್ ಬಸ್ಸು ಪಕ್ಕದ ಪಥದಿಂದ ದಾಟಿಹೋಗುತ್ತದೆ. ಈ ದಾಟುವ ಪಥ ನಮ್ಮ ದೇಶದ ಬಿಆರ್‌ಟಿಎಸ್‌ಗಳಲ್ಲಿ ಅಪರೂಪ. ಹುಬ್ಬಳ್ಳಿ–ಧಾರವಾಡದವರು ಇದರ ಬಗ್ಗೆ ಇನ್ನಷ್ಟು ಹೆಮ್ಮೆ ಪಡಬಹುದಿತ್ತು. ಇದಕ್ಕೆಲ್ಲ ಜಾಗ ಬೇಕಾದ್ದರಿಂದಲೇ ರಸ್ತೆಯನ್ನು ಕೆಲವೆಡೆ 35, ಕೆಲವೆಡೆ 44 ಮೀಟರ್ ಅಗಲಕ್ಕೆ ಒಡೆದು ಬಿಡಿಸಿದರು.

ಧಾರವಾಡದ ಜ್ಯುಬಿಲಿ ವೃತ್ತ ಬಿಟ್ಟು ಟೋಲ್ ನಾಕಾ, ವಿದ್ಯಾಗಿರಿ, ಸತ್ತೂರು, ನವಲೂರು, ರಾಯಾಪುರ, ನವನಗರ, ಬೈರಿದೇವರಕೊಪ್ಪ, ಉಣಕಲ್, ವಿದ್ಯಾನಗರ, ಕಿಮ್ಸ್ ಹೀಗೆ ಬಸ್ಸು ಓಡುತ್ತ ಬರುತ್ತದೆ. ಮಳೆ ಜೋರಾದ ದಿನ ಟೋಲ್ ನಾಕಾ ಬಳಿ ಪಥವೇ ಹಳ್ಳವಾಗುವುದುಂಟು. ಅದು ಬೇರೆ ರಗಳೆ. ಹೊಸೂರು ಬಂತು ಅಂದರೆ ಕಂಬಿಬೇಲಿ ಮುಗಿಯಿತು. ಮುಂದೆ ಪಾಲಿಕೆ ಕಚೇರಿ, ಅಂಬೇಡ್ಕರ್ ವೃತ್ತ, ರೈಲ್ವೆ ನಿಲ್ದಾಣ, ಸಿಬಿಟಿ ಎಂಬ ನಗರ ಬಸ್ ನಿಲ್ದಾಣ. ಜನ ನಿಜವಾಗಿ ಹೋಗಬೇಕಾದ ಜಾಗಗಳು ಇವೇ. ಬಸ್ಸಿಗೆ ತನ್ನ ದಾರಿ ಇಲ್ಲದಿರುವುದೂ ಇಲ್ಲೇ.

ಇದರ ಪರಿಣಾಮ ಎಷ್ಟು ಎಂದು ಕಾಣಲು ಒಂದು ಸಣ್ಣ ಲೆಕ್ಕ. ಅಂಕಿಗಳು ಬರೀ ಲೆಕ್ಕಕ್ಕಾಗಿ ಹಿಡಿದವು, ಅಳೆದು ತಂದವಲ್ಲ. ಇಪ್ಪತ್ತೆರಡು ಕಿಲೋಮೀಟರಿನಲ್ಲಿ ಹದಿನೆಂಟು ಪ್ರತ್ಯೇಕ ಪಥ, ಗಂಟೆಗೆ 30 ಕಿಲೋಮೀಟರ್ ಎಂದುಕೊಳ್ಳೋಣ: 36 ನಿಮಿಷ. ಉಳಿದ ನಾಲ್ಕು ಕಿಲೋಮೀಟರ್ ಊರೊಳಗೆ, ಗಂಟೆಗೆ 10 ಕಿಲೋಮೀಟರ್: 24 ನಿಮಿಷ. ಒಟ್ಟು ಒಂದು ಗಂಟೆ. ಈಗ ಹೊಸ ಬಸ್ಸು, ಹೊಸ ಸಿಗ್ನಲ್, ಹೊಸ ಡಾಂಬರು ಹಾಕಿ ಹದಿನೆಂಟು ಕಿಲೋಮೀಟರಿನ ವೇಗವನ್ನು 36ಕ್ಕೆ ಏರಿಸಿದರೆ ಉಳಿಯುವುದು 6 ನಿಮಿಷ. ಅದೇ ಊರೊಳಗಿನ ನಾಲ್ಕು ಕಿಲೋಮೀಟರಿನಲ್ಲಿ ವೇಗವನ್ನು ಹತ್ತರಿಂದ ಹದಿನೈದಕ್ಕೆ ತಂದರೆ ಉಳಿಯುವುದು 8 ನಿಮಿಷ. ಗಂಟೆಗೆ ಹದಿನೈದು ಕಿಲೋಮೀಟರ್ ಅಂದರೆ ಸೈಕಲ್ಲಿನ ವೇಗ. ಚಿಗರಿಯನ್ನು ಊರೊಳಗೆ ಸೈಕಲ್ಲಿನಷ್ಟು ಓಡಲು ಬಿಟ್ಟರೂ, ಹೊರಗೆ ಕೋಟಿ ಸುರಿಯುವುದಕ್ಕಿಂತ ಹೆಚ್ಚು ಸಮಯ ದಕ್ಕುತ್ತದೆ.

ಊರ ನಡುವಿಗೆ ಬಾರದೆ ನಿಂತ ಪಥಗಳ ಗತಿ ಏನಾಗಿದೆ? ದೆಹಲಿಯದು ಎಲ್ಲರಿಗೂ ನೆನಪಿರುವ ಸೋಲು. ಅಂಬೇಡ್ಕರ್ ನಗರದಿಂದ ದಿಲ್ಲಿ ಗೇಟ್ ತನಕ 14.5 ಕಿಲೋಮೀಟರ್ ಮಾಡಬೇಕಿತ್ತು. 2008ರಲ್ಲಿ ಮೂಲ್‌ಚಂದ್ ತನಕ 5.8 ಕಿಲೋಮೀಟರ್ ಮಾಡಿ ಅಲ್ಲಿಗೇ ಬಿಟ್ಟರು. ನಡುವಿಗೆ ಮುಟ್ಟದ ಪಥ ಯಾರ ಪ್ರಯಾಣವನ್ನೂ ಪೂರ್ತಿ ಸುಧಾರಿಸಲಿಲ್ಲ, ಆದರೆ ಕಾರಿನವರ ಸಿಟ್ಟನ್ನು ಪೂರ್ತಿ ಗಳಿಸಿತು. ವ್ಯಾಜ್ಯ ಹೈಕೋರ್ಟಿಗೆ ಹೋದಾಗ, 2012ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಬಸ್ ಪಥದ ಪರವಾಗಿಯೇ ನಿಂತಿತು. ಕೋರ್ಟಿನಲ್ಲಿ ಗೆದ್ದ ಪಥವನ್ನು 2016ರ ಹೊತ್ತಿಗೆ ಸರ್ಕಾರವೇ ಕಿತ್ತುಹಾಕಿತು. ಭೋಪಾಲಿನದನ್ನು 2024ರಲ್ಲಿ ಕೀಳತೊಡಗಿದರು, ಇಂದೋರಿನದೂ ಅದೇ ಹಾದಿ ಹಿಡಿಯಿತು. ನಮ್ಮ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್. ಪುರ ನಡುವೆ 2019ರ ಕೊನೆಯಲ್ಲಿ ಮಾಡಿದ ಬಸ್ ಆದ್ಯತಾ ಪಥ ಮೆಟ್ರೊ ಕಾಮಗಾರಿಯಲ್ಲಿ ಕರಗಿಹೋಯಿತು. ಅಲ್ಲಿ ಪಥವನ್ನು ಕಾಯ್ದದ್ದು ಸಾಲಾಗಿ ನೆಟ್ಟ ಗಿಡ್ಡ ಕಂಬಗಳು ಮಾತ್ರ.

ಅಹಮದಾಬಾದಿನವರ ಜಾಣತನ ಬೇರೆ. 2009ರ ಅಕ್ಟೋಬರ್‌ನಲ್ಲಿ ಜನಮಾರ್ಗ ಆರಂಭಿಸುವಾಗ ಅವರ ಸೂತ್ರ, ಗದ್ದಲದ ಜಾಗಗಳನ್ನು ಮುಟ್ಟಿಸು, ಗದ್ದಲದ ರಸ್ತೆಗಳನ್ನು ತಪ್ಪಿಸು ಎಂಬುದು. ಜಾಲ ಹೆಣೆಯುವ ಊರಿಗೆ ಅದು ಒಪ್ಪುತ್ತದೆ. ಹುಬ್ಬಳ್ಳಿ–ಧಾರವಾಡಕ್ಕೆ ಇರುವುದು ಒಂದೇ ಬೆನ್ನೆಲುಬು. ತಪ್ಪಿಸಿ ಹೋಗಲು ಇನ್ನೊಂದು ರಸ್ತೆ ಇಲ್ಲ.

ಕೆನಡಾದ ಒಟ್ಟಾವಾ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. 1983ರಿಂದ ಅಲ್ಲಿ ಹೊರವಲಯದಲ್ಲಿ ಬಸ್ಸಿಗೆಂದೇ ರಾಜಮಾರ್ಗ. ನಡುವಿಗೆ ಬಂದಾಗ ಆಲ್ಬರ್ಟ್, ಸ್ಲೇಟರ್ ಎಂಬ ಎರಡು ಬೀದಿಗಳಲ್ಲಿ ಬರೀ ಗೆರೆ ಎಳೆದ ಪಥ. ಹೊರಗಿನಿಂದ ಸರಾಗವಾಗಿ ಬಂದ ಬಸ್ಸುಗಳು ಈ ಎರಡು ಬೀದಿಗಳಲ್ಲಿ ಇರುವೆ ಸಾಲಿನಂತೆ ಒಂದರ ಹಿಂದೆ ಒಂದು ನಿಲ್ಲುತ್ತಿದ್ದವು. ಕೊನೆಗೆ ನಡುವಿನ ಗಂಟು ಬಿಡಿಸಲು ನೆಲದಡಿ ಸುರಂಗ ಕೊರೆದು 2019ರಲ್ಲಿ ರೈಲು ಓಡಿಸಿದರು. ನಡುವಿನ ಸಮಸ್ಯೆಯನ್ನು ಮುಂದೂಡಿದರೆ ಅದು ಬೆಳೆಯುತ್ತ ಹೋಗುತ್ತದೆ, ಬೆಲೆಯೂ ಬೆಳೆಯುತ್ತದೆ.

ಹಾಗಾದರೆ ಹುಬ್ಬಳ್ಳಿಯ ನಡುವೆಯೂ 35 ಮೀಟರ್ ಒಡೆಯಬೇಕೆ? ಖಂಡಿತ ಬೇಡ. ರಸ್ತೆ ಅಗಲಿಸುವುದರ ನೋವು ಆ ಊರು ಉಂಡಿದೆ. ಬಸ್ಸು ಓಡತೊಡಗಿ ನಾಲ್ಕು ವರ್ಷದ ಮೇಲೆ, 2022ರ ಡಿಸೆಂಬರ್‌ನಲ್ಲಿ, ಬೈರಿದೇವರಕೊಪ್ಪದ ದರ್ಗಾ ತೆರವು ನಡೆದದ್ದನ್ನು ಯಾರೂ ಮರೆತಿಲ್ಲ. ಇಕ್ಕಟ್ಟಿನ ಬೀದಿಗೆ ಇಕ್ಕಟ್ಟಿನದೇ ವಿನ್ಯಾಸ ಬೇಕು. ಈಕ್ವೆಡಾರಿನ ಕೀಟೊ ನಗರದಲ್ಲಿ 1995ರಿಂದ ವಿದ್ಯುತ್ ತಂತಿಯ ಬಸ್ಸು ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಹಳೆಯ ಪಟ್ಟಣದ ಸಂದಿಬೀದಿಗಳ ಮೂಲಕವೇ ಹೋಗುತ್ತದೆ. ಮೆಕ್ಸಿಕೊ ನಗರ 2012ರಲ್ಲಿ ತನ್ನ ಮೆಟ್ರೊಬಸ್ಸಿನ ನಾಲ್ಕನೆಯ ಮಾರ್ಗವನ್ನು ಹಳೆಯ ನಡುಪಟ್ಟಣಕ್ಕೆ ಒಯ್ಯುವಾಗ, ಉಳಿದ ಮಾರ್ಗಗಳ ಎತ್ತರದ ಕಟ್ಟೆ, ಉದ್ದನೆಯ ಬಸ್ಸು ಎಲ್ಲವನ್ನೂ ಬಿಟ್ಟುಕೊಟ್ಟಿತು. ಗಿಡ್ಡ ಬಸ್ಸು, ತಗ್ಗು ನೆಲ, ಪಾದಚಾರಿ ಕಟ್ಟೆಗೇ ಹೊಂದಿದ ತಂಗುದಾಣ, ಹೋಗುವುದು ಒಂದು ಬೀದಿ, ಬರುವುದು ಇನ್ನೊಂದು. ಭವ್ಯತೆ ಹೋಯಿತು, ದಾರಿ ಉಳಿಯಿತು.

ಇದನ್ನು ಒಪ್ಪಿಕೊಳ್ಳುವುದು ನಮಗೆ ಕಷ್ಟ ಆಗಬಾರದು. ನಮ್ಮ ಊರುಗಳ ನಡುಬೀದಿಯ ಅಗಲ ಅಳೆದವರು ಎಂಜಿನಿಯರುಗಳಲ್ಲ, ತೇರಿನವರು. ಚಳ್ಳಕೆರೆ ತಾಲ್ಲೂಕಿನದೇ ಆದ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ರಥ ಹೊರಡುವ ದಿನ ಬೀದಿಯಲ್ಲಿ ಅಡ್ಡ ಒಂದು ತಳ್ಳುಗಾಡಿ ಇರುವುದಿಲ್ಲ. ಅಂಗಡಿಯವರೇ ಮುಂಗಟ್ಟಿನ ತಟ್ಟಿ ಕಳಚಿಕೊಳ್ಳುತ್ತಾರೆ. ತೇರಿಗೆ ಬೇಕಾದ್ದು ಗಾಲಿಯಿಂದ ಗಾಲಿಗೆ ಇರುವಷ್ಟು ಜಾಗ, ಮೇಲೆ ಒಂದು ಮೊಳ. ವರ್ಷಕ್ಕೊಂದು ದಿನ ದೇವರಿಗೆ ಬಿಟ್ಟುಕೊಡುವ ಜಾಗವನ್ನು ದಿನವೂ ಬಸ್ಸಿಗೆ ಬಿಡಿ ಎನ್ನುವುದು ದೊಡ್ಡ ಬೇಡಿಕೆ ಎಂದು ನನಗೂ ಗೊತ್ತು. ಆದರೆ ಬೀದಿ ಸಾಲದು ಎಂಬ ಮಾತು ಮಾತ್ರ ಪೂರ್ತಿ ನಿಜವಲ್ಲ.

ಒಂದು ದಿಕ್ಕಿನ ಬಸ್ ಪಥಕ್ಕೆ ಬೇಕಾದ್ದು ಮೂರೂವರೆ ಮೀಟರ್. ಬೀದಿಯ ಅಂಚಿನಲ್ಲಿ ನಿಂತ ಕಾರುಗಳ ಒಂದು ಸಾಲು ತಿನ್ನುವುದು ಎರಡೂವರೆ. ಹುಬ್ಬಳ್ಳಿಯ ನಡುವೆ ಬಸ್ ಪಥದ ನಿಜವಾದ ಎದುರಾಳಿ ಓಡುವ ವಾಹನವಲ್ಲ, ನಿಂತ ವಾಹನ. ಈ ಮಾತನ್ನು ಯೋಜನಾ ವರದಿಗಳು ಬಿಡಿಸಿ ಹೇಳಿದರೆ ಚೆನ್ನ.

ಇನ್ನು ಮೂರನೆಯ ಪ್ರಶ್ನೆ: ಎಳೆದ ಪಥ ಉಳಿಯುತ್ತದೆಯೆ? ಇಲ್ಲಿ ಉಳ್ಳಾರ್ತಿಯ ‘ಖಾಲಿ’ ಮತ್ತೆ ಬರುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲಿ ಬಿಆರ್‌ಟಿಎಸ್ ವಿರುದ್ಧ ನಡೆದ ಹೋರಾಟಗಳಲ್ಲಿ, ಪತ್ರಿಕೆಗಳ ಓದುಗರ ಓಲೆಗಳಲ್ಲಿ, ರಾಜಕಾರಣಿಗಳ ಮಾತಿನಲ್ಲಿ ಒಂದೇ ದೂರು: ನಡುವಿನ ಪಥ ಖಾಲಿ ಬಿದ್ದಿರುತ್ತದೆ, ಪಕ್ಕದಲ್ಲಿ ನಾವು ಒತ್ತೊತ್ತಾಗಿ ನಿಂತಿರುತ್ತೇವೆ, ಎಲ್ಲರಿಗೂ ಬಿಡಿ. ದೂರುವವರನ್ನು ದಡ್ಡರೆಂದು ತಳ್ಳಿಹಾಕುವುದು ಸರಿಯಲ್ಲ. ಅವರ ಕಣ್ಣಿಗೆ ಕಂಡದ್ದು ನಿಜವೇ. ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡೋಣ. ಹನ್ನೆರಡು ಮೀಟರ್ ಉದ್ದದ ಬಸ್ಸು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ರಸ್ತೆಯ ಒಂದು ಬಿಂದುವನ್ನು ದಾಟಲು ತೆಗೆದುಕೊಳ್ಳುವುದು ಸುಮಾರು ಒಂದೂವರೆ ಸೆಕೆಂಡು. ಗಂಟೆಗೆ ನಲವತ್ತು ಬಸ್ಸು ಹೋದರೆ ಒಟ್ಟು ಅರವತ್ತು ಸೆಕೆಂಡು. ಅಂದರೆ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡವನ ಕಣ್ಣಿಗೆ ಆ ಪಥ ಗಂಟೆಯಲ್ಲಿ ಐವತ್ತೊಂಬತ್ತು ನಿಮಿಷ ಖಾಲಿ. ಉಳಿದ ಒಂದು ನಿಮಿಷದಲ್ಲಿ, ಬಸ್ಸಿಗೆ ಐವತ್ತು ಜನ ಎಂದು ಹಿಡಿದರೆ, ಎರಡು ಸಾವಿರ ಮಂದಿ ದಾಟಿರುತ್ತಾರೆ. ಅಷ್ಟೇ ಜನ ಒಂದೂವರೆ ತಲೆಗೊಂದರಂತೆ ಕಾರಿನಲ್ಲಿ ಹೋಗಬೇಕಾದರೆ ಸಾವಿರದ ಮುನ್ನೂರಕ್ಕೂ ಹೆಚ್ಚು ಕಾರು ಬೇಕು. ಸಿಗ್ನಲ್ ಇರುವ ಊರ ರಸ್ತೆಯ ಒಂದು ಪಥ ಅಷ್ಟನ್ನು ತಾಳದು.

ಖಾಲಿ ಕಾಣುವುದೇ ಬಸ್ ಪಥ ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು. ತುಂಬಿದ ಬಸ್ ಪಥ ಎಂದರೆ ನಿಂತ ಬಸ್ ಪಥ. ಮಳೆಗಾಲದ ಕಾವಲು ಬೇಸಿಗೆಯಲ್ಲಿ ಖಾಲಿ ಇದ್ದರೆ ಮಾತ್ರ ಮಳೆಗಾಲದಲ್ಲಿ ಹುಲ್ಲು. ಎರಡನ್ನೂ ಒಂದು ಕ್ಷಣದ ನೋಟದಲ್ಲಿ ಅಳೆದವರು ಎರಡನ್ನೂ ಬೇರೆಯವರಿಗೆ ಹಂಚಲು ಮುಂದಾಗುತ್ತಾರೆ. 2024ರಲ್ಲಿ ಬಿಆರ್‌ಟಿಎಸ್ ಬದಲಿಗೆ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ತಂತ್ರಜ್ಞಾನದ ಎಲೆಕ್ಟ್ರಿಕ್ ರ‍್ಯಾಪಿಡ್ ಟ್ರಾನ್ಸಿಟ್ ಬರಲಿ ಎಂಬ ಚರ್ಚೆ ಶುರುವಾಯಿತು. ಉದ್ದನೆಯ ವಿದ್ಯುತ್ ಬಸ್ಸು ಬರಲಿ, ತಕರಾರಿಲ್ಲ. ಆದರೆ ಅದಕ್ಕೂ ಪ್ರತ್ಯೇಕ ದಾರಿ ಬೇಕು. ಬಸ್ಸನ್ನು ಬದಲಿಸಿದ ಮಾತ್ರಕ್ಕೆ ಪಥದ ಪ್ರಶ್ನೆ ಬಗೆಹರಿಯುವುದಿಲ್ಲ. ತಳಿ ಬದಲಿಸಿದರೆ ಮೇವಿನ ಚಿಂತೆ ತಪ್ಪೀತೆ?

ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸಿದರೆ ನಾನು ಒಂದು ಪಕ್ಷದ ವಕೀಲನಾದಂತೆ. ಉಳ್ಳಾರ್ತಿ ಇನ್ನೊಂದು ಪಾಠವನ್ನೂ ಹೇಳುತ್ತದೆ, ಅದು ಬಸ್ ಪಥದವರಿಗೆ ಹಿತವಾಗಿ ಕೇಳಿಸದು. ಅಲ್ಲಿ ಜನರನ್ನು ಹೆಚ್ಚು ಕೆರಳಿಸಿದ್ದು ನೆಲ ಹೋದದ್ದಕ್ಕಿಂತ ಗೋಡೆ ಬಂದದ್ದು. ಎಲ್ಲರೂ ತುಳಿಯುತ್ತಿದ್ದ ದಾರಿ ಒಂದು ಬೆಳಿಗ್ಗೆ ಸುತ್ತುದಾರಿಯಾಯಿತು. ಬಿಆರ್‌ಟಿಎಸ್ ಕೂಡ ತನ್ನ ಪಕ್ಕದ ಜನಕ್ಕೆ ಗೋಡೆಯೇ. ಎದುರಿನ ಅಂಗಡಿಗೆ ಹೋಗಬೇಕಾದವರು ಕಂಬಿಬೇಲಿಯ ಉದ್ದಕ್ಕೂ ನಡೆದು, ದಾಟುವ ಜಾಗ ಹುಡುಕಿ, ಮತ್ತೆ ಅಷ್ಟೇ ಹಿಂದೆ ನಡೆಯಬೇಕು. ನವಲೂರು, ರಾಯಾಪುರಗಳಂಥ ಕಡೆ ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಹೆಜ್ಜೆಗೊಂದು ಅಂಗಡಿ ಇರುವ ಹುಬ್ಬಳ್ಳಿಯ ಪೇಟೆಯಲ್ಲಿ ಬೇಲಿ ಹಾಕಿದ ಬಸ್ ಪಥ ಪೇಟೆಯನ್ನೇ ಎರಡು ಸೀಳು ಮಾಡುತ್ತದೆ. ಆದ್ದರಿಂದ ನಡುವಿಗೆ ಬರುವ ಪಥಕ್ಕೆ ಬೇಲಿ ಬೇಡ, ಬಣ್ಣದ ನೆಲ, ತಗ್ಗು ಅಂಚು, ಮತ್ತು ಕಾಯುವವರು ಬೇಕು ಎಂಬುದು ನನ್ನ ಅಭಿಪ್ರಾಯ. ಹೊರಗೆ ಕಬ್ಬಿಣ ಮಾಡುವ ಕೆಲಸವನ್ನು ಒಳಗೆ ಮನುಷ್ಯ ಮಾಡಬೇಕು. ಅಮೃತಮಹಲಿನವರು ಕಾವಲುಗಳಿಗೆ ಗೋಡೆ ಕಟ್ಟಿರಲಿಲ್ಲ. ಮಂದೆ ನೋಡಿಕೊಳ್ಳುವ ಸೇರ್ವೆಗಾರರಿದ್ದರು, ಕಾವಲುಗಾರರಿದ್ದರು, ಯಾವ ತಿಂಗಳು ಯಾವ ಮಂದೆ ಎಂಬ ಪಟ್ಟಿ ಇತ್ತು.

ಪಟ್ಟಿಯ ಮಾತು ಬಂದದ್ದರಿಂದ ಒಂದು ಸಲಹೆ. ಈಗ ಪ್ರತ್ಯೇಕ ಪಥ ಚಿಗರಿಗೆ ಮಾತ್ರ. ಪಕ್ಕದ ಮಿಶ್ರ ಪಥದಲ್ಲಿ ಉಳಿದ ಸಾರಿಗೆ ಬಸ್ಸುಗಳು, ಖಾಸಗಿ ಬಸ್ಸುಗಳು ಒದ್ದಾಡುತ್ತವೆ. ಊರ ಹೊರಗಿನ ಪಥದಲ್ಲಿ ಇದಕ್ಕೆ ಕಾರಣ ಇದೆ. ಎತ್ತರದ ಕಟ್ಟೆಗೆ, ಬಲಗಡೆಯ ಬಾಗಿಲಿಗೆ ಬೇರೆ ಬಸ್ಸು ಹೊಂದುವುದಿಲ್ಲ. ನಡುಪೇಟೆಯಲ್ಲಿ ಕಟ್ಟೆಯೇ ಇಲ್ಲದ ಮೇಲೆ ಆ ಕಾರಣವೂ ಇಲ್ಲ. ಅಲ್ಲಿ ಮಾಡುವ ಪಥದಲ್ಲಿ ನಗರ ಸಾರಿಗೆಯ ಎಲ್ಲ ಬಸ್ಸುಗಳಿಗೂ, ಆಂಬುಲೆನ್ಸಿಗೂ ಜಾಗ ಕೊಡಬಹುದು. ಆಗ ಪಥ ಅಷ್ಟು ಖಾಲಿ ಕಾಣುವುದಿಲ್ಲ, ಅದನ್ನು ಉಳಿಸಿ ಎನ್ನುವ ದನಿಗಳೂ ಹೆಚ್ಚುತ್ತವೆ. ಕಾವಲಿನಲ್ಲೂ ಹೀಗೇ ಇತ್ತು. ಸರ್ಕಾರದ ಮಂದೆ ಇಲ್ಲದ ಹೊತ್ತಿನಲ್ಲಿ ಊರಿನ ಕುರಿಗಳೂ ಮೇಯುತ್ತಿದ್ದವು. ಕಾವಲಿನ ಪರ ಕೊನೆಗೆ ದನಿ ಎತ್ತಿದವರು ಇಲಾಖೆಯವರಲ್ಲ, ಆ ಕುರಿಗಳ ಒಡೆಯರು.

ಕಾನೂನಿನ ಬಗ್ಗೆ ಎರಡು ಮಾತು. ಕಾವಲಿಗೆ 1969ರ ಕರ್ನಾಟಕ ಅರಣ್ಯ ನಿಯಮಗಳ ಆಸರೆ ಇತ್ತು, ಆದರೂ ಕೈಬಿಟ್ಟಿತು. ಬಸ್ ಪಥಕ್ಕೆ ಇರುವ ಆಸರೆ ಅದಕ್ಕಿಂತ ತೆಳುವಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 115ನೆಯ ಕಲಮಿನಡಿ ಒಂದು ರಸ್ತೆಯಲ್ಲಿ ಇಂಥ ವಾಹನ ಬೇಡ ಎಂದು ಅಧಿಸೂಚನೆ ಹೊರಡಿಸಬಹುದು. ಒಂದು ಅಧಿಸೂಚನೆಯಿಂದ ಬಂದದ್ದು ಇನ್ನೊಂದರಿಂದ ಹೋಗುತ್ತದೆ. ಹಾಗಾಗಿ ಪಥದ ಆಯುಷ್ಯ ಇರುವುದು ಕಾಗದದಲ್ಲಲ್ಲ; ಹೊಸೂರು ದಾಟಿದ ಮೇಲೂ ಬಸ್ಸು ನಿಲ್ಲದೆ ಹೋಯಿತು ಎಂದು ಹೇಳುವ ಪ್ರಯಾಣಿಕರ ಬಾಯಲ್ಲಿ.

ಅವರಿಗೆ ಅದನ್ನು ಹೇಳುವ ಅವಕಾಶವನ್ನೇ ಈವರೆಗೆ ಕೊಟ್ಟಿಲ್ಲ. ಪಥವನ್ನು ಕೀಳಬೇಕೆ, ಬದಲಿಸಬೇಕೆ ಎಂದು ತೀರ್ಮಾನಿಸುವ ಮೊದಲು ಪಾಲಿಕೆ, ಪೊಲೀಸ್ ಇಲಾಖೆ, ವಾಯವ್ಯ ಸಾರಿಗೆ ಕೂಡಿ ಮೂರು ತಿಂಗಳ ಮಟ್ಟಿಗೆ ಒಂದು ಕೆಲಸ ಮಾಡಲಿ. ಹೊಸೂರು ಕ್ರಾಸಿನಿಂದ ಸಿಬಿಟಿ ತನಕ, ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು, ಒಂದು ಬದಿಯ ನಿಲುಗಡೆ ತೆಗೆದು ಆ ಜಾಗವನ್ನು ಬಸ್ಸುಗಳಿಗೆ ಬಿಡಲಿ. ಕಟ್ಟಡ ಒಡೆಯುವುದು ಬೇಡ, ಕಾಂಕ್ರೀಟು ಬೇಡ. ಮೊದಲ ದಿನದಿಂದ ಕೊನೆಯ ದಿನದ ತನಕ ಬಸ್ಸು ಎಷ್ಟು ನಿಮಿಷದಲ್ಲಿ ದಾಟಿತು ಎಂಬ ಪಟ್ಟಿಯನ್ನು ಸಿಬಿಟಿಯ ಗೋಡೆಗೆ ಅಂಟಿಸಲಿ.